ಮೂರನೆಯ ಕರಿ ವೃತ್ತ

ಇದನ್ನು ಹೇಳಹೊರಟದ್ದೇ ಒಂದು ಅಧಿಕಪ್ರಸಂಗ, ಓದುವವರು ಮನ್ನಿಸಬೇಕು. ಮನುಷ್ಯನ ಮೈಯ ಕಣಕಣದಲ್ಲೂ ಇರುವ ಒಂದು ಜೀನು, ಅದು ಹೇಳಿದಂತೆ ತಯಾರಾಗುವ ಒಂದು ಪ್ರೋಟೀನು, ಆ ಪ್ರೋಟೀನು ಮೈಯಲ್ಲಿ ಗಂಟು ಬೆಳೆಯದಂತೆ ತಡೆಯುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ, ಇವುಗಳ ಬಗ್ಗೆ ಬಾಯಿ ತೆರೆಯಬೇಕಾದವರು ಓದಿಕೊಂಡವರು. ವಾಡಿಯ ಸಿಮೆಂಟು ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಹಗಲೆಲ್ಲ ಸುಣ್ಣದಕಲ್ಲಿನ ಪುಡಿ ಜರಡಿ ಹಿಡಿದು, ಪಾಳಿ ಮುಗಿದ ಮೇಲೆ ಗಾಡಿ ಹತ್ತಿ ಕಲಬುರ್ಗಿಯ ಸಂಜೆ ಕಾಲೇಜಿಗೆ ಹೋಗಿ, ಮೂರು ವರ್ಷದ ಪದವಿಯನ್ನು ಆರು ವರ್ಷಕ್ಕೆ ಮುಗಿಸಿದ ಪ್ರಹ್ಲಾದನಂಥವನ ಮೂಲಕ ಆ ಮಾತು ಬರುವುದೆಂದರೆ, ಅರ್ಧ ತಿಳಿದದ್ದು ದಾರಿಯಲ್ಲಿ ಇನ್ನರ್ಧ ಚೆಲ್ಲಿ ಬಂದ ಹಾಗೆ. ಇದು ಅವನಿಗೇ ಎಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಗೊತ್ತಿದ್ದೂ, ಎರಡು ಸಾವಿರದ ನಾಲ್ಕನೆಯ ಇಸವಿಯ ಫೆಬ್ರವರಿಯ ಆ ರವಿವಾರ, ಸೇಡಂ ಕಡೆ ಹೊರಟ ಪ್ಯಾಸೆಂಜರ್ ಗಾಡಿಯ ಕಿಟಕಿಗೆ ಒರಗಿ, ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ಹತ್ತು ಬಗೆಯಾಗಿ ತಿರುವಿ ನೋಡುತ್ತಿದ್ದ. ಡಾಕ್ಟರ್ರೇ, ನಾನು ಬರೆದದ್ದರಲ್ಲಿ ಒಂದು ತಪ್ಪಿದೆ. ಡಾಕ್ಟರ್ರೇ, ತಪ್ಪು ಅಂತಲ್ಲ, ಒಂದು ಸಣ್ಣ ತಿದ್ದುಪಡಿ.

ಗಾಡಿ ಚಿತ್ತಾಪುರದಲ್ಲಿ ನಿಂತು ಮುಕ್ಕಾಲು ಗಂಟೆಯಾಗಿತ್ತು. ಯಾಕೆ ನಿಂತಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಅವನ ತೊಡೆಯ ಮೇಲೆ ಕ್ಯಾಲೆಂಡರಿನಂತೆ ಸುತ್ತಿ ರಬ್ಬರ್ ಹಾಕಿದ ದಪ್ಪ ಹಾಳೆಯಿತ್ತು. ಎದುರಿಗೆ ಕುಳಿತ ರುಮಾಲಿನವರು, ಮುಧೋಳದ ಅಮೃತಪ್ಪ ಎಂದು ತಾವೇ ಹೇಳಿಕೊಂಡಿದ್ದರು, ಆ ಸುರುಳಿಯನ್ನು ಬಹಳ ಹೊತ್ತು ನೋಡಿ, ಪ್ಲಾಟಿನ ನಕಾಶೆ ಏನ್ರಿ ಅದು ಎಂದರು. ಅಲ್ಲ ಎನ್ನಬಹುದಿತ್ತು. ಅಲ್ಲ ಎಂದರೆ ಮತ್ತೇನು ಎಂಬ ಪ್ರಶ್ನೆ ಬರುತ್ತದೆ. ನಮ್ಮ ಮನೆತನದಲ್ಲಿ ಯಾರ್ಯಾರು ಎದೆಗಂಟಿನಿಂದ ಸತ್ತರು ಎಂಬುದರ ನಕಾಶೆ ಎಂದು ಜನ ತುಂಬಿದ ರೈಲುಡಬ್ಬಿಯಲ್ಲಿ ಹೇಳುವುದು ಹೇಗೆ. ಹೌದ್ರಿ ಎಂದುಬಿಟ್ಟ. ಆಮೇಲೆ ಪ್ಲಾಟು ಯಾವ ಕಡೆ, ಮೂಲೆಯದೋ ನಡುವಿನದೋ, ಬಾಗಿಲು ಮೂಡಣಕ್ಕೆ ಬರುತ್ತದೋ ಎಂದು ಅವರು ಕೇಳುತ್ತ ಹೋದರು, ಇವನು ಇಲ್ಲದ ಪ್ಲಾಟಿಗೆ ಬಾಗಿಲು, ಬಾವಿ, ಬೇವಿನ ಗಿಡ ಎಲ್ಲ ಒದಗಿಸುತ್ತ ಹೋದ. ಸಣ್ಣವನಿದ್ದಾಗಿನಿಂದ ಅವನ ಚಾಳಿಯೇ ಇದು. ಯಾರಾದರೂ ಮಾತಿನ ಭರದಲ್ಲಿದ್ದರೆ ನಡುವೆ ತಡೆದು ಕೇಳುವ ಧೈರ್ಯ ಸಾಲದೆ ತಲೆಯಾಡಿಸುವುದು, ತಲೆಯಾಡಿಸಿದ್ದಕ್ಕೆ ಆಮೇಲೆ ಹೊಣೆಯಾಗುವುದು. ಈ ಹಾಳೆಯೂ ಹಾಗೆಯೇ ಹಾಳಾದದ್ದು.

ಹಾಳೆಯಲ್ಲಿ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಸತ್ತವರ ಮೇಲೆ ಓರೆಗೆರೆ. ಆ ರೋಗ ಬಂದವರ ವೃತ್ತವನ್ನು ಕರಿ ಶಾಯಿಯಿಂದ ತುಂಬಬೇಕು. ಹೈದರಾಬಾದಿನ ಸಂಶೋಧನಾಲಯದಿಂದ ಬಂದಿದ್ದ ಡಾಕ್ಟರ್ ಲತೀಫಾ ಇಷ್ಟನ್ನು ಕಲಿಸಿಕೊಟ್ಟು ಹೋಗಿದ್ದಳು. ಅವನು ಕಂಪಾಸು, ಅಳತೆಪಟ್ಟಿ ಇಟ್ಟುಕೊಂಡು ನಾಲ್ಕು ರವಿವಾರ ಕುಳಿತು ಬರೆದಿದ್ದ. ಮೂರು ಕರಿ ವೃತ್ತ. ಒಂದು, ನಲವತ್ತೊಂದಕ್ಕೆ ಹೋದ ತಾಯಿ ಸತ್ಯಭಾಮಾ. ಇನ್ನೊಂದು, ತಾಯಿಯ ತಾಯಿ, ಚಿತ್ತಾಪುರದ ಮನೆಯ ತುಂಗಾಬಾಯಿ. ಇವರನ್ನು ಅವನು ಕಂಡವನಲ್ಲ, ಹೆಸರು ಮಾತ್ರ ಶ್ರಾದ್ಧದ ದಿನ ಭಟ್ಟರ ಬಾಯಿಂದ ಕೇಳಿದವನು. ಮೂರನೆಯದು ಚಂಪಾ. ಚಿಂಚೋಳಿ ಎಂದರೆ ಈ ಅಜ್ಜಿಯ ತವರು; ಅಲ್ಲಿ ಅಜ್ಜಿಯ ತಮ್ಮ ವಿಠ್ಠಲರಾವ್ ಇನ್ನೂ ಇದ್ದರು, ಎಂಬತ್ತಾರು ವರ್ಷ. ಮಾಹಿತಿ ಕೇಳಲು ಹೋದಾಗ ಅವರು ಚಂದ್ರಂಪಳ್ಳಿಯ ಕೆರೆ ಕಟ್ಟಿದ್ದು, ಕಾಡಿನಲ್ಲಿ ದಾರಿ ತಪ್ಪಿದ್ದು ಎಲ್ಲ ಹೇಳುತ್ತ ನಡುವೆ, ನಮ್ಮ ಚಂಪಾನೂ ಎದ್ಯಾಗಿನ ಗಂಟಿಲೇ ಹೋದಳು ನೋಡಪಾ, ಭಾಳ ನರಳಿದಳು ಎಂದು ಕಣ್ಣೊರೆಸಿಕೊಂಡಿದ್ದರು. ಯಾವ ಚಂಪಾ ಎಂದು ಕೇಳಬೇಕಿತ್ತು. ಅಳುತ್ತಿರುವ ಮುದುಕನನ್ನು ಹೇಗೆ ಕೇಳುವುದು. ತಲೆಯಾಡಿಸಿದ. ಊರಿಗೆ ಬಂದು ತುಂಗಾಬಾಯಿಯ ಪಕ್ಕದಲ್ಲಿ, ಅದೇ ಗೆರೆಗೆ ತೂಗಿಬಿಟ್ಟು, ಅಕ್ಕನೋ ತಂಗಿಯೋ ಇರಬೇಕೆಂದು ಇನ್ನೊಂದು ವೃತ್ತ ಬರೆದು ತುಂಬಿದ. ಶಾಯಿ ಗೆರೆ ದಾಟದ ಹಾಗೆ ಎಷ್ಟು ಅಚ್ಚುಕಟ್ಟಾಗಿ ತುಂಬಿದ್ದ.

ಮೂರು ಇದ್ದರೆ ಮಾತ್ರ ತೆಗೆದುಕೊಳ್ಳುತ್ತೇವೆ ಎಂಬುದು ಸಂಶೋಧನಾಲಯದ ನಿಯಮ. ಒಂದೇ ರಕ್ತದ ಮೂವರು ಹೆಂಗಸರಿಗೆ ಬಂದಿದ್ದರೆ ಆ ಮನೆತನದ ರಕ್ತವನ್ನು ಪರೀಕ್ಷೆಗೆ ಹಚ್ಚುತ್ತಾರೆ, ಆ ಜೀನು ಕೆಟ್ಟಿದೆಯೋ ನೆಟ್ಟಗಿದೆಯೋ ಹೇಳುತ್ತಾರೆ. ಇಬ್ಬರೇ ಆದರೆ ಇಲ್ಲ. ಹೊರಗೆ ಎಲ್ಲಿಯಾದರೂ ಮಾಡಿಸೋಣವೆಂದರೆ ಅವನಂಥವರ ಕೈಗೆ ಆ ಪರೀಕ್ಷೆ ಎಟುಕುತ್ತಿರಲಿಲ್ಲ. ಅಷ್ಟಾದರೂ ಆ ಪ್ರೋಟೀನು ಗಂಟನ್ನು ಖಂಡಿತ ತಡೆಯುತ್ತದೆಯೇ ಎಂದು ಅವನು ಮೊದಲ ಭೇಟಿಯಲ್ಲಿ ಕೇಳಿದ್ದ. ತಡೀತಿರಬಹುದು ಎಂದಿದ್ದಳು ಲತೀಫಾ. ಈ ಬಹುದು ಅವನ ಹಲ್ಲಿನಲ್ಲಿ ಕಲ್ಲು ಸಿಕ್ಕಂತೆ ಸಿಕ್ಕಿಕೊಂಡಿತು. ಅವನ ಪ್ರಯೋಗಶಾಲೆಯಲ್ಲಿ ಕಲ್ಲಿನಲ್ಲಿ ಸುಣ್ಣ ನೂರಕ್ಕೆ ಇಷ್ಟು ಇದೆ ಎಂದು ಬರೆಯುತ್ತಾರೆ, ಇರಬಹುದು ಎಂದು ಬರೆದರೆ ಮನೆಗೆ ಕಳಿಸುತ್ತಾರೆ. ಅವಳು ನಕ್ಕು ತನ್ನ ತಂದೆಯ ಮಾತು ತೆಗೆದಿದ್ದಳು. ತಂದೆ ಬಂದೇಅಲಿ ಶಹಾಬಾದಿನ ಕಲ್ಲುಗಣಿಯಲ್ಲಿ ಸಿಡಿಮದ್ದು ಹಾರಿಸುವಾಗ ದಾರಿಯಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲುವವರು. ‘ಇಪ್ಪತ್ತೆಂಟು ವರ್ಷ ನಿಂತಾರ್ರಿ ಅಬ್ಬಾ. ಆ ದಾರ್ಯಾಗ ಒಬ್ಬರೂ ಸತ್ತಿಲ್ಲ. ಮಗರ್ ಅಬ್ಬಾ ನಿಂತದ್ದಕ್ಕ ಸಾಯಲಿಲ್ಲೋ, ಆ ಹೊತ್ತಿನಾಗ ಅಲ್ಲಿ ಯಾರೂ ಬರಲೇ ಇಲ್ಲೋ, ಹ್ಯಾಂಗ ಹೇಳೂದು? ಅವರು ರಜಾ ಹಾಕಿದ ದಿನ ಯಾರರೆ ಸತ್ತರ ಆವಾಗ ಗೊತ್ತಾಗ್ತದ.’ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕಣಗಳಲ್ಲಿ ಆ ಪ್ರೋಟೀನು ಇಲ್ಲದಂತೆ ಮಾಡಿದರೆ ಕಣಗಳು ಒಂದರ ಮೇಲೊಂದು ಏರಿ ಗುಂಪುಗಟ್ಟುತ್ತವೆ, ತಿರುಗಿ ಕೊಟ್ಟರೆ ಸುಮ್ಮನಾಗುತ್ತವೆ, ಇಷ್ಟು ಕಂಡಿದೆ; ಆದರೆ ತಟ್ಟೆ ಬೇರೆ, ಹೆಣ್ಣುಮಗಳ ಮೈ ಬೇರೆ. ಬಾವುಟದವನು ರಜೆ ಹಾಕಿದ ಮನೆತನಗಳು ನಮಗೆ ಬೇಕು ಎಂದಿದ್ದಳು. ಅವನು ತಲೆಯಾಡಿಸಿದ್ದ. ಆ ಸಲ ಮಾತ್ರ ನಿಜವಾಗಿ ತಿಳಿದು ತಲೆಯಾಡಿಸಿದ್ದ.

ಗಾಡಿ ಒಮ್ಮೆ ಜಗ್ಗಿ ಮತ್ತೆ ನಿಂತಿತು. ಅಮೃತಪ್ಪ ಈಗ ಪ್ಲಾಟಿನ ನೈಋತ್ಯ ಮೂಲೆಯ ಬಗ್ಗೆ ಆತಂಕ ಪಡುತ್ತಿದ್ದರು. ಮೂವರಿದ್ದಾರೆಂದು ಅವನು ತಿಳಿಸಿದ್ದರಿಂದಲೇ ಲತೀಫಾ ರಕ್ತ ತೆಗೆದುಕೊಳ್ಳಲು ಮೂರು ಗಂಟೆಗೆ ತಂಗಿಯಿರುವ ಸೇಡಂ ಮನೆಗೆ ಬರುವವಳಿದ್ದಳು. ಅದಕ್ಕೆ ಮೊದಲೇ ಅವನು ತಲುಪಬೇಕು, ಬಾಗಿಲಲ್ಲೇ ನಿಲ್ಲಿಸಿ ಹೇಳಬೇಕು, ಸೂಜಿ ಚುಚ್ಚುವುದಕ್ಕೆ ಮೊದಲು. ಎರಡೂವರೆಯಾಗಿತ್ತು. ಚುಚ್ಚಿಸಿಕೊಳ್ಳಬೇಕಾದವಳು ತಂಗಿ ಶ್ರೀವಾಣಿ. ಮೂವತ್ತೊಂಬತ್ತು ವರ್ಷ, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ, ಮದುವೆ ಬೇಡವೆಂದಳು, ಯಾಕೆಂದು ಅವನು ಕೇಳಲಿಲ್ಲ. ತಾಯಿ ಹೋದಾಗ ಅವಳಿಗೆ ಹದಿಮೂರು. ಕೊನೆಯ ತಿಂಗಳುಗಳಲ್ಲಿ ಗಾಯ ತೊಳೆದು ಬಟ್ಟೆ ಕಟ್ಟುತ್ತಿದ್ದವಳು ಅವಳೇ, ಯಾಕೆಂದರೆ ಪ್ರಹ್ಲಾದನಿಗೆ ಆ ವಾಸನೆಗೆ ತಲೆ ತಿರುಗುತ್ತಿತ್ತು, ಅವನು ಅಂಗಳದಲ್ಲಿ ನೀರು ಸೇದುತ್ತ ನಿಲ್ಲುತ್ತಿದ್ದ, ಬೇಕಾದ್ದಕ್ಕಿಂತ ಹೆಚ್ಚು ಸೇದುತ್ತಿದ್ದ, ಹಂಡೆ ತುಂಬಿ ಹರಿದರೂ ಸೇದುತ್ತಿದ್ದ. ಎರಡು ತಿಂಗಳ ಹಿಂದೆ ಅವಳು ಯಾವ ಪೀಠಿಕೆಯೂ ಇಲ್ಲದೆ ಹೇಳಿದ್ದಳು: ‘ದಿನಾ ಜಳಕದ ಮನ್ಯಾಗ ಕೈಯಿಂದ ಒತ್ತಿ ಒತ್ತಿ ನೋಡಿಕೋತೀನಿ ಅಣ್ಣಾ. ಬ್ಯಾಸರಾಗ್ಯಾದ. ಅದ ಅಂದ್ರ ಅದ, ಇಲ್ಲಂದ್ರ ಇಲ್ಲ. ಯಾರರೆ ಒಂದು ಹೇಳಲಿ.’ ಅವಳಿಗೆ ಬೇಕಾದದ್ದು ಅಷ್ಟೇ. ಅದನ್ನು ಕೊಡಬಲ್ಲ ಹಾಳೆ ಅವನ ತೊಡೆಯ ಮೇಲಿತ್ತು, ಮತ್ತು ಅದು ಸುಳ್ಳಾಗಿತ್ತು.

ಸುಳ್ಳೆಂದು ತಿಳಿದದ್ದು ನಿನ್ನೆ. ಹೆಂಡತಿ ಪ್ರಮಿತಾ ಅಡಿಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ಹಾಳೆಯ ಮೇಲೆ ಬಗ್ಗಿದ್ದಳು. ಈ ಪ್ರಮಿತಾ ಎಂಬುದು ಅವನೇ ಇಟ್ಟ ಹೆಸರು. ಮದುವೆಯ ದಿನ ತಾಟಿನಲ್ಲಿ ಹರವಿದ ಅಕ್ಕಿಯ ಮೇಲೆ ಉಂಗುರದಿಂದ ಬರೆದದ್ದು, ಅವರಲ್ಲಿ ಎಲ್ಲರೂ ಬರೆಯುವಂತೆ. ಹುಟ್ಟಿದ ಹೆಸರು ಸುಮತಿ. ಶಾಲೆಯ ಸರ್ಟಿಫಿಕೇಟಿನಲ್ಲಿ ಸುಮತಿ, ರೇಷನ್ ಕಾರ್ಡಿನಲ್ಲಿ ಪ್ರಮಿತಾ. ಹದಿನೆಂಟು ವರ್ಷದಿಂದ ಅವಳು ಕಚೇರಿ ಕಚೇರಿಯ ಕಿಟಕಿಯಲ್ಲಿ ನಿಂತು ತಾನು ಇಬ್ಬರಲ್ಲ, ಒಬ್ಬಳೇ ಎಂದು ಅಫಿಡವಿಟ್ಟು ಕೊಡುತ್ತ ಬಂದಿದ್ದಳು. ಹಾಳೆ ನೋಡಿ ಅವಳು ನಕ್ಕಳು. ‘ಚಿಂಚೋಳಿ ಚಂಪಾ ಅಂತ ಒಬ್ಬರು, ಚಿತ್ತಾಪುರದ ತುಂಗಾಬಾಯಿ ಅಂತ ಒಬ್ಬರು. ಚಂಪಾನ ಗಂಡನ ಮನಿ ಎಲ್ಲಿ ಹೋತ್ರಿ? ತುಂಗಾಬಾಯಿ ತವರಮನಿ ಹೆಸರೇನು? ನಾ ಸತ್ತ ಮ್ಯಾಲ ನನ್ನೂ ಹಿಂಗ ಎರಡು ಸಲ ಸಾಯಿಸ್ತೀರೇನು?’ ಅವಳು ಚೇಷ್ಟೆಗೆ ಹೇಳಿ ಒಳಗೆ ಹೋದಳು. ಅವನು ಕುಳಿತಲ್ಲಿಂದ ಎದ್ದು ಹೊರಬಿದ್ದ. ಅಂಗಡಿಯ ಫೋನಿನಿಂದ ಚಿಂಚೋಳಿಗೆ ಹಚ್ಚಿದ. ವಿಠ್ಠಲರಾವ್ ಬರಲು ಎಷ್ಟೋ ಹೊತ್ತು ಹಿಡಿಯಿತು. ಬಂದವರು ಒಂದೇ ಉಸಿರಿಗೆ, ‘ಅಯ್ಯ ಹುಚ್ಚಪ್ಪಾ, ಚಂಪಾ ಅಂದ್ರ ನಿಮ್ಮಜ್ಜಿನೇ ಅಲ್ಲೇನೋ. ನಮ್ಮಲ್ಲಿ ಚಂಪಾ, ಕೊಟ್ಟ ಮನ್ಯಾಗ ತುಂಗಾ. ನಮಗಿದ್ದಾಕಿ ಒಬ್ಬಾಕೆ ಅಕ್ಕ’ ಎಂದರು. ಇಷ್ಟು ಸರಳ. ತಾಯಿಯನ್ನೇ ಚಿತ್ತಾಪುರದ ಅಜ್ಜ ಕಮಲಿ, ಕಮಲಿ ಎಂದು ಕರೆಯುವುದನ್ನು ಅವನು ಎಷ್ಟು ಸಲ ಕೇಳಿದ್ದ. ತಾಯಿಯ ಎರಡು ಹೆಸರು ಬಲ್ಲವನಿಗೆ ಅಜ್ಜಿಯ ಎರಡು ಹೆಸರು ಹೊಳೆಯಲಿಲ್ಲ. ಮೂರು ಬೇಕೆಂದಿದ್ದರು, ಮೂರು ಸಿಕ್ಕಿತು, ಇನ್ನು ಹೊಳೆಯುವುದು ಯಾತಕ್ಕೆ.

ಅವನಿಗೆ ಸಿಟ್ಟು ಬಂದದ್ದು ಯಾರ ಮೇಲೆ ಎಂದು ಅವನಿಗೇ ತಿಳಿಯಲಿಲ್ಲ. ಒಂದು ಹೆಣ್ಣಿಗೆ ಎರಡು ಹೆಸರಿಟ್ಟ ಹಿರಿಯರ ಮೇಲೋ, ಎರಡು ಸಾವು ಸಾಲದು ಮೂರು ತಾ ಎನ್ನುವ ಸಂಶೋಧನಾಲಯದ ಮೇಲೋ. ಎಲ್ಲ ಬಿಟ್ಟು ಅವನಿಗೆ ನೆನಪಾದದ್ದು ದಶರಥ. ಏಳು ವರ್ಷದ ಹಿಂದೆ, ಪ್ರಯೋಗಶಾಲೆಯಲ್ಲಿ, ಒಂದೇ ರಾಶಿಯಿಂದ ತೆಗೆದ ಪುಡಿಗೆ ಪ್ರಹ್ಲಾದ ಎರಡು ಚೀಟಿ ಅಂಟಿಸಿಬಿಟ್ಟಿದ್ದ. ರಾಶಿ ಮಾಡಿ, ಚಪ್ಪಟೆ ತಟ್ಟಿ, ನಾಲ್ಕು ಪಾಲು ಮಾಡಿ, ಎದುರುಬದಿರಿನ ಎರಡು ಪಾಲು ಎತ್ತಿಟ್ಟು ಉಳಿದದ್ದನ್ನು ಚೆಲ್ಲುವುದು ಪದ್ಧತಿ. ಅವನು ಚೆಲ್ಲಬೇಕಾದ್ದನ್ನೂ ಚೀಲಕ್ಕೆ ತುಂಬಿ ಇನ್ನೊಂದು ನಂಬರು ಹಾಕಿದ್ದ. ಎರಡರ ಫಲಿತಾಂಶವೂ ಒಂದೇ ಬಂದಾಗ ಎಲ್ಲರೂ ಎಷ್ಟು ಒಳ್ಳೆಯ ಕಲ್ಲು ಎಂದು ಹಿಗ್ಗಿದ್ದರು. ಮೇಲಿನವನಾದ ದಶರಥ ಅದನ್ನು ಹಿಡಿದು, ಚಹದ ಹೊತ್ತಿನಲ್ಲಿ ಎಲ್ಲರೆದುರು, ರಾವ್ ಸಾಹೇಬ್ರು ಒಂದೇ ಎಮ್ಮಿಗೆ ಎರಡು ಸಲ ಹಾಲು ಹಿಂಡ್ಯಾರ ನೋಡ್ರೆಪಾ ಎಂದಿದ್ದ. ಇಂದಿಗೂ ಕ್ಯಾಂಟೀನಿನಲ್ಲಿ ಅವನ ಚಹಕ್ಕೆ ಹಾಲು ಹಾಕುವಾಗ ಯಾರಾದರೂ ಒಬ್ಬರು ಕೆಮ್ಮುತ್ತಾರೆ. ಅಂದಿನಿಂದ ಅವನು ಚೀಟಿಯ ವಿಷಯದಲ್ಲಿ ಜೀವ ಬಿಡುವವನಾದ. ಒಂದೊಂದನ್ನು ಮೂರು ಸಲ ಓದುತ್ತಾನೆ. ಹಾಗಾದರೆ ಈಗ ನಿಜ ಹೇಳಬೇಕೆಂದು ಒದ್ದಾಡುತ್ತಿರುವುದು ಪ್ರಾಮಾಣಿಕತೆಯೋ, ಲತೀಫಾ ಎಂದಾದರೂ ಕಂಡುಹಿಡಿದು ನಕ್ಕಾಳೆಂಬ ಭಯವೋ? ಸಂಕಟವೆಂದರೆ ಎರಡೂ ಒಳಗೆ ಒಂದೇ ಥರ ಚುಚ್ಚುತ್ತಿದ್ದವು.

ಅವನು ಸೇಡಂ ಮನೆಯ ಹೊಸ್ತಿಲು ದಾಟಿದಾಗ ಮೂರೂ ಮುಕ್ಕಾಲು. ಸೂಜಿ ಶ್ರೀವಾಣಿಯ ತೋಳಿನಲ್ಲಿತ್ತು. ಕೊಳವೆಯಲ್ಲಿ ರಕ್ತ ಏರುತ್ತಿತ್ತು, ಅವನು ಎಣಿಸಿದ್ದಕ್ಕಿಂತ ಕಪ್ಪಗೆ. ನಡುಮನೆಯ ಕಂಬಕ್ಕೆ ಒರಗಿ ಕುಳಿತ ರುಕ್ಮಿಣಿಬಾಯಿ, ತಂದೆಯ ಅಕ್ಕ, ತಾಯಿ ಸತ್ತ ಮೇಲೆ ಇಬ್ಬರನ್ನೂ ಸಾಕಿದ ಅತ್ಯಾ, ಆಗಲೇ ಲತೀಫಾಳ ಜೊತೆ ಜಗಳಕ್ಕೆ ಇಳಿದಿದ್ದರು. ತಮ್ಮ ರಕ್ತವನ್ನೂ ತೆಗೆದುಕೋ ಎಂದು ಕೈ ಚಾಚಿದರೆ ಆ ಹುಡುಗಿ, ನಿಮ್ಮದು ಬ್ಯಾಡ್ರಿ ಅವ್ವಾರೆ, ನೀವು ಅವರ ತಾಯಿ ಕಡೆಯವರಲ್ಲ ಎಂದಿದ್ದಳಂತೆ. ‘ಇಪ್ಪತ್ತಾರು ವರ್ಷ ಇವರ ಹೇಲು ಉಚ್ಚಿ, ಜ್ವರ ಜಡ್ಡು, ಪರೀಕ್ಷಾ ಗಿರೀಕ್ಷಾ ಎಲ್ಲಾ ನಾ ನೋಡೀನಿ. ಈಗ ನಂದು ನಡಿಯೂದಿಲ್ಲಂತ. ಕೇಳಿದೇನೋ ಪ್ರಹ್ಲಾದ?’ ಶ್ರೀವಾಣಿಗೆ ಆಗ ಹದಿಮೂರು ವರ್ಷ, ಅತ್ಯಾ, ಹೇಲು ಉಚ್ಚಿ ಎಲ್ಲಿಂದ ಬಂತು ಎಂದು ಅವನ ಬಾಯಿಗೆ ಬಂತು. ಬೇಡದ ತಿದ್ದುಪಡಿಗಳೆಲ್ಲ ಹೀಗೆ ಬಾಯಿಗೆ ಬರುತ್ತವೆ, ಬೇಕಾದ ಒಂದು ಬರುವುದಿಲ್ಲ. ಲತೀಫಾ ನಗುತ್ತಲೇ ಕೊಳವೆಗೆ ಚೀಟಿ ಅಂಟಿಸಿದಳು. ಹೆಸರಿಲ್ಲ, ಬರಿಯ ನಂಬರು. ನೀಲಿ ಡಬ್ಬಿಯ ಬರ್ಫಿನೊಳಗೆ ಇಳಿಸಿದಳು. ಬರ್ರಿ ಅಣ್ಣಾರ, ಕುಂದ್ರಿ, ಹಾಳಿ ಕೊಡ್ರಿ, ಮ್ಯಾಲ ಬರದದ್ದೆಲ್ಲಾ ಖರೆ ಅಂತ ಇಲ್ಲಿ ಒಂದು ಸಹಿ ಹಾಕ್ರಿ ಎಂದಳು. ಐದೂವರೆಯ ಗಾಡಿಗೆ ಅವಳು ಹಿಂದಿರುಗಬೇಕಿತ್ತು.

ಪೆನ್ನು ಅವನ ಕೈಗೆ ಬಂತು. ಶ್ರೀವಾಣಿ ಮಡಚಿದ ತೋಳಿನ ಸಂದಿಯಲ್ಲಿ ಹತ್ತಿ ಒತ್ತಿ ಹಿಡಿದು ಅವನನ್ನೇ ನೋಡುತ್ತಿದ್ದಳು. ಮುಖದಲ್ಲಿ ಎಷ್ಟೋ ವರ್ಷಗಳಿಂದ ಕಾಣದಿದ್ದ ಒಂದು ಹಗುರವಿತ್ತು, ಪರೀಕ್ಷೆ ಬರೆದು ಹೊರಗೆ ಬಂದ ಹುಡುಗಿಯರ ಮುಖದಲ್ಲಿರುವಂಥದ್ದು. ಸಹಿ ಹಾಕಿದರೆ ಮುಗಿಯಿತು. ಆದರೆ ಆ ಚೀಟಿ. ಆ ನಂಬರು. ಈ ಹಾಳೆಯ ಆಧಾರದ ಮೇಲೆ ಎಲ್ಲಿಯೋ ಒಂದು ಪುಸ್ತಕದಲ್ಲಿ, ಮೂವರು ಸತ್ತ ಮನೆತನವೊಂದು ಎಂದು ಅಚ್ಚಾಗುತ್ತದೆ. ಅದನ್ನು ನಂಬಿ ಇನ್ನೊಬ್ಬರು ಇನ್ನೇನೋ ಬರೆಯುತ್ತಾರೆ. ಎಲ್ಲಿಯದೋ ಯಾವಳೋ ಹೆಂಗಸಿಗೆ ಅದೇ ಲೆಕ್ಕ ಹಿಡಿದು ಏನೋ ಹೇಳುತ್ತಾರೆ. ಎಷ್ಟೊಂದು ದೊಡ್ಡ ಮಾತು, ಯಾರು ಕೇಳಿದರು ನಿನ್ನನ್ನು ಎಂದು ತನ್ನನ್ನೇ ಬೈದುಕೊಂಡ. ಆಮೇಲೆ ಅವನ ಬಾಯಿಂದ ಬಂದದ್ದು, ಗಾಡಿಯಲ್ಲಿ ಕಟ್ಟಿದ್ದ ಹತ್ತು ವಾಕ್ಯಗಳಲ್ಲಿ ಒಂದೂ ಅಲ್ಲ.

‘ಇವರಿಬ್ಬರೂ ಒಬ್ಬಾಕಿನೇರಿ’ ಎಂದ.

ಲತೀಫಾ ಹಾಳೆ ನೋಡಿದಳು, ಅವನನ್ನು ನೋಡಿದಳು. ಅವನು ಹೇಳಿದ: ಅಕ್ಕಿಯ ತಾಟು, ಚಂಪಾ, ತುಂಗಾ, ನಿನ್ನೆಯ ಫೋನು. ಹೇಳುತ್ತ ಹೇಳುತ್ತ ಉದ್ದವಾಯಿತು, ಅಮೃತಪ್ಪನ ಪ್ಲಾಟು ಕೂಡ ಎಲ್ಲೋ ನಡುವೆ ಬಂದು ಸೇರಿತು. ಅವಳು ಡಬ್ಬಿಯ ಮುಚ್ಚಳದ ಮೇಲೆಯೇ ಕುಳಿತುಬಿಟ್ಟಳು. ‘ಸೂಜಿ ಹಾಕೂಕಿಂತ ಮೊದ್ಲ ಹೇಳಬಾರದೇನ್ರಿ ಅಣ್ಣಾರ’ ಎಂದಳು. ಸಿಟ್ಟಿರಲಿಲ್ಲ, ದಣಿವಿತ್ತು. ಈ ಒಂದು ವರ್ಷದಲ್ಲಿ ಇಂಥವು ಎಷ್ಟು ಕಂಡಿದ್ದಳೋ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು: ‘ಚಿಂಚೋಳಿ ಅಜ್ಜಾರು ಅಂದದ್ದು ನೀವು ಕೇಳೀರಿ. ನಾ ಕೇಳಿಲ್ಲ. ನಾ ಕೈ ತೊಳಕೊಂಡು ಬರ್ತೀನಿ. ನಿಮ್ಮ ಹಾಳಿ, ನಿಮ್ಮ ಸಹಿ.’ ಎದ್ದು ಬಚ್ಚಲ ಕಡೆ ಹೋದಳು. ನೀರಿನ ಸಪ್ಪಳ ಬಹಳ ಹೊತ್ತು ಕೇಳುತ್ತಲೇ ಇತ್ತು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. ಆ ಸಪ್ಪಳ ಅವನಿಗೆ ಗುರುತಿನದು. ಹಂಡೆ ತುಂಬಿ ಹರಿಯುವ ಸಪ್ಪಳ. ಒಳಗೆ ಯಾರೋ ಗಾಯ ತೊಳೆಯುತ್ತಿರುವಾಗ ಹೊರಗೆ ನಿಂತವರು ಮಾಡುವ ಸಪ್ಪಳ. ಅವನು ಮೂರನೆಯ ಕರಿ ವೃತ್ತದ ಮೇಲೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಇವರೂ ತುಂಗಾಬಾಯಿಯೂ ಒಬ್ಬರೇ’ ಎಂದು ಬರೆದು ಸಹಿ ಹಾಕಿದ. ತಾರೀಖನ್ನೂ ಹಾಕಿದ.

‘ನನಗ ಗೊತ್ತಿತ್ತು ಅಣ್ಣಾ’ ಎಂದಳು ಶ್ರೀವಾಣಿ.

ಅವನಿಗೆ ಕೇಳಿಸಿತು, ಅರ್ಥವಾಗಲಿಲ್ಲ. ಅವಳು ಎದ್ದು ಒಳಗೆ ಹೋಗಿ, ಹತ್ತಿ ಬಿದ್ದುಹೋದ ತೋಳಿನಲ್ಲೇ, ನೀರು ತುಂಬಿದ ಹಿತ್ತಾಳೆಯ ತಂಬಿಗೆ ತಂದು ಅವನ ಮುಂದೆ ಇಟ್ಟಳು. ದಾರಿ ನಡೆದು ಬಂದವನಿಗೆ ನೀರು ಕೊಡುವಂತೆಯೇ ಇಟ್ಟಳು, ಆದರೆ ಹೆಸರು ಕೊರೆದ ಬದಿಯನ್ನು ಅವನ ಕಡೆ ತಿರುಗಿಸಿ. ಬಾಯಂಚಿನ ಕೆಳಗೆ, ಸವೆದು ಸವೆದು ಉಳಿದ ಅಕ್ಷರಗಳು: ಚಿ. ಸೌ. ಚಂಪಾ, ಚಿಂಚೋಳಿ. ತವರಿನವರು ಕೊಟ್ಟ ಪಾತ್ರೆ, ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಈ ಮನೆಗೆ ಬಂದದ್ದು. ನಲವತ್ತೈದು ವರ್ಷ ಅವನು ಇದರಲ್ಲೇ ನೀರು ಕುಡಿದಿದ್ದ. ಚೀಟಿಯನ್ನು ಮೂರು ಸಲ ಓದುವವನು ಇದನ್ನು ಒಂದು ಸಲವೂ ಓದಿರಲಿಲ್ಲ. ಅವ್ವನ ಗಾಯ ತೊಳೆಯೂವಾಗ ದಿನಾ ಇದನ್ನೇ ಓದತಿದ್ದೆ, ಗಾಯ ನೋಡಬಾರದಂತ, ಎಂದಳು ಅವಳು. ನೀ ಹಾಳಿ ತಂದು ತೋರಿಸಿದ ದಿನವೇ ಗೊತ್ತಾತು. ಸುಮ್ಮನಿದ್ದೆ.

ಲತೀಫಾ ಬಂದು ಹಾಳೆಯನ್ನು ಕಂಡು ಸುತ್ತಿ ಚೀಲಕ್ಕೆ ಹಾಕಿಕೊಂಡಳು. ರಕ್ತ ಒಗೆಯೂದಿಲ್ರಿ, ಇಡ್ತೀನಿ, ನಿಯಮ ಬದಲಾದರ ನೋಡೂಣ ಎಂದಳು. ರುಕ್ಮಿಣಿಬಾಯಿಗೆ ಇದೊಂದೂ ತಿಳಿದಿರಲಿಲ್ಲ. ಆ ಹುಡುಗಿಗೆ ಅವಲಕ್ಕಿ ಕಟ್ಟಿಕೊಟ್ಟೆಯಾ, ಗಾಡ್ಯಾಗ ಹಸೀತದ ಎಂದು ಕೇಳುತ್ತಿದ್ದರು. ಪ್ರಹ್ಲಾದ ತಂಬಿಗೆ ಎತ್ತಿ ಕುಡಿದ. ನೀರಡಿಕೆ ಇತ್ತು, ಏನು ಮಾಡುವುದು.

ಇದಾಗಿ ಐದು ವರ್ಷ. ಶ್ರೀವಾಣಿ ನಲವತ್ತೊಂದನ್ನು ದಾಟಿ ನಲವತ್ನಾಲ್ಕಕ್ಕೆ ಬಂದಿದ್ದಾಳೆ. ಅಣ್ಣನ ಜೊತೆ ಮಾತಾಡುತ್ತಾಳೆ, ಆದರೆ ಜಳಕದ ಮನೆಯ ಮಾತನ್ನು ಮತ್ತೆ ಎತ್ತಿಲ್ಲ, ಅವನು ಕೇಳಿಲ್ಲ. ಕೊಳವೆ ಹೈದರಾಬಾದಿನ ಯಾವುದೋ ಫ್ರಿಜ್ಜಿನಲ್ಲಿ ನಂಬರು ಹೊತ್ತು ಇರಬೇಕು. ಅದರೊಳಗಿನ ಜೀನು ನೆಟ್ಟಗಿದೆಯೋ ಕೆಟ್ಟಿದೆಯೋ ಯಾರೂ ನೋಡಿಲ್ಲ. ಅಜ್ಜಿಗೂ ತಾಯಿಗೂ ಬಂದದ್ದು ಆ ಜೀನಿನಿಂದಲೋ ಬರಿಯ ದುರ್ದೈವದಿಂದಲೋ ತಿಳಿಯದು. ಆ ಪ್ರೋಟೀನು ಗಂಟನ್ನು ತಡೆಯುತ್ತದೆಯೇ ಎಂದು ಹೋದ ವರ್ಷ ಅವನು ಲತೀಫಾಗೆ ಕಾಗದ ಬರೆದು ಕೇಳಿದ. ಉತ್ತರದಲ್ಲಿ ಇನ್ನೂ ಬಹುದು ಎಂದೇ ಇತ್ತು. ಶ್ರೀವಾಣಿಗೆ ಈವರೆಗೆ ಬಾರದಿರುವುದು ಬಾವುಟದವನು ನಿಂತಿರುವುದರಿಂದಲೋ, ದಾರಿಯಲ್ಲಿ ಇನ್ನೂ ಯಾರೂ ಬಾರದಿರುವುದರಿಂದಲೋ, ಅದೂ ತಿಳಿಯದು. ಆ ದಿನ ಅವನು ಸರಿ ಮಾಡಿದನೋ ಎಂಬುದು ಅವನಿಗೆ ಗೊತ್ತಿಲ್ಲ, ಇದನ್ನು ಹೇಳಿದವರಿಗೂ ಗೊತ್ತಿಲ್ಲ.